ಬಿಚ್ಚುವ ಕಂಪ್ಯೂಟರಿನ ಐಬುಗಳು

ಎತ್ತು ಕೊಳ್ಳುವ ಮೊದಲು ಅದರ ಐಬು ಆಡಬೇಕು, ಕೊಂಡ ಮೇಲೆ ಆಡಬಾರದು. ಹಂಗಳದ ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಕಾನೂನು ಇರಲಿಲ್ಲ. ಅಪ್ಪ ತೆರಕಣಾಂಬಿ ಸಂತೆಯಲ್ಲಿ ಜೋಡಿ ನೋಡಿ, ಬಾಯಿ ಬಿಡಿಸಿ ಹಲ್ಲು ನೋಡಿ, ಮೈಮೇಲಿನ ಸುಳಿ ನೋಡಿ, ಮಾತು ಕೊಡದೆ ಊರಿಗೆ ಬರುತ್ತಿದ್ದ. ಬಂದವನು ಮನೆಯವರನ್ನೆಲ್ಲ ಜಗುಲಿಯ ಮೇಲೆ ಕೂರಿಸಿ, ಎತ್ತು ಹಿಂಗಿಂಗದೆ ಎಂದು ವರ್ಣಿಸಿ, ಈಗ ಆಡಿ ಅನ್ನುತ್ತಿದ್ದ. ಒಬ್ಬೊಬ್ಬರೂ ಒಂದೊಂದು ಐಬು ಆಡಲೇಬೇಕು. ಆ ಎತ್ತನ್ನು ಕಣ್ಣಿಂದ ಕಾಣದ ಅವ್ವನೂ ಆಡುತ್ತಿದ್ದಳು: ಬಿಳಿ ಎತ್ತೆಂದರೆ ಸಗಣಿ ಕಲೆ ಎದ್ದು ಕಾಣುತ್ತದೆ, ದಿನಾ ತೊಳೆಯುವವರು ಯಾರು ಅಂತ. ಎಲ್ಲ ಕೇಳಿಸಿಕೊಂಡ ಮೇಲೂ ಅಪ್ಪನಿಗೆ ಆ ಎತ್ತೇ ಬೇಕೆನಿಸಿದರೆ ಮುಂದಿನ ಸಂತೆಗೆ ಹೊಸ ಹಗ್ಗ ಹಿಡಿದು ಹೋಗುತ್ತಿದ್ದ. ಮಾರುವವನು ತನ್ನ ಹಗ್ಗ ಬಿಚ್ಚಿಕೊಂಡು, ನಮ್ಮ ಹೊಸ ಹಗ್ಗ ಬಿತ್ತೆಂದರೆ ಮುಗಿಯಿತು. ಆಮೇಲೆ ಆ ಎತ್ತು ಸಾಲಿನ ನಡುವೆ ಮಲಗಿಬಿಡಲಿ, ಬಂದವರನ್ನು ಗುಮ್ಮಲಿ, ನಾನು ಅವತ್ತೇ ಹೇಳಿದ್ದೆ ಎಂದು ಯಾರೂ ಬಾಯಿ ಬಿಡುವಂತಿರಲಿಲ್ಲ.

ನಾನು ನನ್ನ ಮೊದಲ ಕಂಪ್ಯೂಟರನ್ನು ಕೊಂಡದ್ದು ಈ ಕಾನೂನಿನ ಪ್ರಕಾರವೇ. ನಗುವವರು ನಗಲಿ.

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಗೆ ಮುಖ ಮಾಡಿಕೊಂಡು ನನ್ನದೊಂದು ಪ್ರೆಸ್ಸು ಇತ್ತು. ಮದುವೆ ಕಾಗದ, ತಿಥಿ ಕಾಗದ, ಬಿಲ್ ಬುಕ್ಕು, ನಾಟಕದ ಪಾಂಪ್ಲೆಟ್ಟು, ಏನು ಬಂದರೂ ಹೊಡೆದುಕೊಡುತ್ತಿದ್ದೆ. ಏಳನೇ ಕ್ಲಾಸಿನ ನಡುವೆ ನಾನು ಸ್ಕೂಲು ಬಿಟ್ಟವನು. ಬಡತನ ಬಿಡಿಸಿತು ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು, ಆದರೆ ಅದು ನಿಜವಲ್ಲ. ಕೈಕಟ್ಟಿ ಕೂತು ಕೇಳಿಸಿಕೊಳ್ಳುವುದು ನನ್ನ ಮೈಗೆ ಒಗ್ಗಲಿಲ್ಲ, ಬಿಟ್ಟೆ. ಇನ್ನೊಬ್ಬರ ಪ್ರೆಸ್ಸಿನಲ್ಲಿ ಸೀಸದ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದೆ. ಮೊಳೆಯ ಮೇಲೆ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿರುತ್ತದೆ. ಒತ್ತಿಗೆ ಬೇರೆ ಮೊಳೆ, ದೀರ್ಘಕ್ಕೆ ಬೇರೆ ಮೊಳೆ. ಮೇಷ್ಟ್ರು ಬೋರ್ಡಿನ ಮೇಲೆ ನೆಟ್ಟಗೆ ಬರೆದಾಗ ನನ್ನ ತಲೆಗೆ ಹೋಗದ ಒತ್ತಕ್ಷರಗಳು, ತಿರುಗಿಸಿ ಬೆರಳಿಗೆ ಕೊಟ್ಟಾಗ ಹೋದವು. ಕೊನೆಗೊಂದು ಹಳೆಯ ಟ್ರೆಡಲ್ ಯಂತ್ರ ಕೊಂಡು ಸ್ವಂತ ಬಾಗಿಲು ತೆಗೆದೆ. ಕಾಲಲ್ಲಿ ತುಳಿದರೆ ಚಕ್ರ ತಿರುಗಿ ಅಚ್ಚು ಬೀಳುವ ಯಂತ್ರ. ಅದರ ಒಂದೊಂದು ನಟ್ಟೂ ನನ್ನ ಸ್ಪ್ಯಾನರಿನ ಕೆಳಗೆ ಬಿಚ್ಚಿದೆ, ಬಿಗಿದಿದೆ. ಯಾರ ಕೈಕೆಳಗೂ ಇಲ್ಲದೆ ದುಡಿದೆ. ಅದನ್ನು ನಾನು ದೊಡ್ಡದಾಗಿಯೇ ಹೇಳಿಕೊಳ್ಳುತ್ತೇನೆ, ಸಣ್ಣದಾಗಿ ಹೇಳಿಕೊಳ್ಳಲು ನನಗೆ ಬರುವುದಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಮೈಸೂರಿನಿಂದ ಕಂಪ್ಯೂಟರ್ ಅಕ್ಷರದ ಮದುವೆ ಕಾಗದಗಳು ಬಂದವು. ಹೆಣ್ಣಿನ ಹೆಸರು ಬಳ್ಳಿಯ ಹಾಗೆ ಬಳುಕುತ್ತಿತ್ತು, ಗಂಡಿನ ಹೆಸರು ದಪ್ಪಗೆ ಎದೆ ಉಬ್ಬಿಸಿ ನಿಂತಿತ್ತು, ಮೇಲೆ ಗಣಪತಿ. ನನ್ನ ಅಂಗಡಿಗೆ ಬಂದವರು ನನ್ನ ಸ್ಯಾಂಪಲ್ಲುಗಳನ್ನು ನೋಡಿ, ಒಂದು ಸಲ ಮುಟ್ಟಿ, ಹಾಗೇ ಕೆಳಗಿಟ್ಟು, ಸುಮ್ಮನೆ ಇತ್ತ ಬಂದಿದ್ದೆ ಅನ್ನತೊಡಗಿದರು. ಒಂದು ವರ್ಷ ಶ್ರಾವಣದಲ್ಲಿ ನನಗೆ ಗೊತ್ತಾಗಿಹೋಯಿತು. ಬರುವ ಕಾರ್ತಿಕದ ಮದುವೆಗಳ ಹೊತ್ತಿಗೆ ನನ್ನ ಅಂಗಡಿಯಲ್ಲಿ ಕಂಪ್ಯೂಟರ್ ಅಕ್ಷರ ಇಲ್ಲದಿದ್ದರೆ, ಪ್ರೆಸ್ಸಿನ ಬಾಗಿಲು ಹಾಕಬೇಕು.

ಬಾಗಿಲು ಹಾಕಿಸುವುದಕ್ಕೆ ನನ್ನ ಬಾಮೈದ ತುದಿಗಾಲಲ್ಲಿ ನಿಂತಿದ್ದ. ಹೆಂಡತಿಯ ತಮ್ಮ. ಮೈಸೂರು ರೂಟಿನ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಬಸ್ಸಿನಲ್ಲಿ ಪರಿಚಯವಾದವರ ಮೂಲಕವೇ ಅವನು ಊರಿನ ಅರ್ಧ ಕೆಲಸ ಮಾಡಿಸುತ್ತಿದ್ದ. ಬಂಡೀಪುರದ ಹತ್ತಿರದ ಒಂದು ಲಾಡ್ಜಿನಲ್ಲಿ ಸ್ಟೋರು ನೋಡಿಕೊಳ್ಳುವ ಕೆಲಸವನ್ನು ನನಗಾಗಿ ಮಾತಾಡಿ ಇಟ್ಟಿದ್ದ. ತಿಂಗಳಾದರೆ ಸಂಬಳ, ಮಧ್ಯಾಹ್ನದ ಊಟ ಅಲ್ಲೇ. ದಸರೆ ಕಳೆದ ಮೇಲೆ ಉತ್ತರ ಹೇಳುತ್ತೇನೆ ಅಂದಿದ್ದೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದ, ಅದರಲ್ಲಿ ಅನುಮಾನವಿಲ್ಲ. ಆದರೆ ಇನ್ನೊಬ್ಬರ ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ನನ್ನನ್ನು ನೆನೆಸಿಕೊಂಡರೆ ಅನ್ನ ಇಳಿಯುತ್ತಿರಲಿಲ್ಲ.

ಕಂಪ್ಯೂಟರ್ ಕೊಳ್ಳಬೇಕೆಂದು ವಿಚಾರಿಸಿದಾಗ ಎರಡು ಜಾತಿ ಎಂದು ತಿಳಿಯಿತು. ಒಂದು, ಕಂಪನಿಯೇ ಮಾಡಿ, ಮುಚ್ಚಿ, ಹಿಂದುಗಡೆ ಸ್ಟಿಕ್ಕರಿನ ಮೊಹರು ಹಾಕಿ ಕೊಡುವುದು. ಮೊಹರು ಹರಿದರೆ ಗ್ಯಾರಂಟಿ ಹೋಯಿತು. ಇನ್ನೊಂದು, ಬಿಡಿಭಾಗಗಳನ್ನು ತಂದು ಒಬ್ಬ ಅಂಗಡಿಯವನು ಜೋಡಿಸಿಕೊಡುವುದು. ಅದನ್ನು ಅಸೆಂಬಲ್ ಮಾಡಿದ್ದು ಅನ್ನುತ್ತಿದ್ದರು. ಅದನ್ನು ಯಾವಾಗ ಬೇಕಾದರೂ ಬಿಚ್ಚಬಹುದು, ಕೆಟ್ಟದ್ದನ್ನು ಬದಲಾಯಿಸಬಹುದು, ಮುಂದೆ ಕೈಲಾದಾಗ ಶಕ್ತಿ ಹೆಚ್ಚಿಸುವ ಭಾಗಗಳನ್ನು ಸೇರಿಸಬಹುದು.

ಮುಚ್ಚಿದ ಜಾತಿಯದನ್ನು ನೋಡಲೆಂದು ಚಾಮರಾಜನಗರಕ್ಕೆ ಹೋದೆ. ಅಲ್ಲಿ ನನಗೆ ಗೊತ್ತಿದ್ದವರೊಬ್ಬರು ಟೈಪಿಂಗ್ ಶಾಲೆ ನಡೆಸುತ್ತಿದ್ದರು, ಆ ವರ್ಷವೇ ಕಂಪ್ಯೂಟರನ್ನೂ ತಂದಿದ್ದರು. ನಾನು ಹೋದಾಗ ಟೈಪ್‌ರೈಟರುಗಳ ಸದ್ದಿನ ನಡುವೆ ಒಂದು ಮೇಜಿನ ಮೇಲೆ ಕಸೂತಿ ಹಾಕಿದ ಬಟ್ಟೆ ಹೊದಿಸಿತ್ತು. ಬಟ್ಟೆ ಎತ್ತಿದರೆ ಕೆಳಗೆ ಬರೀ ಟಿವಿಯಂಥ ಪೆಟ್ಟಿಗೆ, ಕೀಗಳ ಹಲಗೆ. ನಡುವಿನ ಡಬ್ಬ ಇಲ್ಲ. ಅದು ಬೆಂಗಳೂರಿಗೆ ಹೋಗಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ ಎಂದರು. ಆದರೆ ಅವರ ಮುಖದಲ್ಲಿ ಚಿಂತೆಯೇ ಇರಲಿಲ್ಲ. ಅದೇ ಅದರ ಸುಖ ಎಂದು ನನಗೆ ತಿಳಿಹೇಳಿದರು: ಕೆಟ್ಟರೆ ಕಂಪನಿಯವರ ತಲೆನೋವು, ನಾವು ಕೈಮುಗಿದು ಕಳಿಸಿಬಿಟ್ಟರಾಯಿತು. ಕೆಡುವವರೆಗೂ ಅದು ಬೆಣ್ಣೆಯ ಹಾಗೆ ಓಡಿತ್ತಂತೆ. ಸುಳ್ಳು ಹೇಳುವ ಮನುಷ್ಯರಲ್ಲ, ನಂಬಿದೆ. ಆದರೆ ಬಸ್ಸಿನಲ್ಲಿ ವಾಪಸ್ಸು ಬರುವಾಗ ಆ ಕಸೂತಿ ಬಟ್ಟೆಯೇ ಕಣ್ಣಿಗೆ ಕಟ್ಟಿತ್ತು. ಅವರಿಗೆ ಟೈಪ್‌ರೈಟರುಗಳಿದ್ದವು, ಕಾಯಬಹುದು. ಕಾರ್ತಿಕದ ಲಗ್ನ ನನಗಾಗಿ ಕಾಯುತ್ತದೆಯೇ?

ಮೈಸೂರಿನಲ್ಲಿ ಎರಡು ಕಡೆ ಹೋದೆ. ಕಂಪನಿ ಷೋರೂಮಿನಲ್ಲಿ, ಇದರ ಐಬೇನು ಎಂದು ಕೇಳಿದರೆ, ಟೈ ಕಟ್ಟಿದವನು ಏನೂ ಇಲ್ಲ ಎಂದ. ಐಬೇ ಇಲ್ಲ ಎಂದವನ ಎತ್ತನ್ನು ನಮ್ಮಪ್ಪ ತಿರುಗಿಯೂ ನೋಡುತ್ತಿರಲಿಲ್ಲ. ಮಹಡಿಯ ಮೇಲೊಂದು ಸಣ್ಣ ರೂಮಿನಲ್ಲಿ ಅಸೆಂಬಲ್ ಮಾಡುವವನೊಬ್ಬನಿದ್ದ. ಸುತ್ತ ವೈರು, ತಗಡು, ಸರ್ಕ್ಯೂಟಿನ ಹಸಿರು ಹಲಗೆಗಳು. ಅವನನ್ನೂ ಅದನ್ನೇ ಕೇಳಿದೆ. ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನ ಮುಖ ನೋಡಿ, ಐಬು ಬೇಕಾದಷ್ಟಿದೆ ಕೂತ್ಕೊಳ್ಳಿ ಎಂದು ಸ್ಟೂಲು ತಳ್ಳಿದ. ಸದ್ದು ಮಾಡುತ್ತದೆ, ಧೂಳು ಕುಡಿಯುತ್ತದೆ, ಒಂದೊಂದು ಭಾಗಕ್ಕೆ ಒಂದೊಂದು ಗ್ಯಾರಂಟಿ, ಕರೆಂಟು ಕೊಡುವ ಡಬ್ಬಕ್ಕಂತೂ ಗ್ಯಾರಂಟಿಯೇ ಇಲ್ಲ, ನಾಳೆ ಹೊಸ ಭಾಗ ಹಾಕಿದರೆ ಹಳೆಯದರ ಜೊತೆ ಹೊಂದಿಕೊಳ್ಳುತ್ತದೆಂದು ಎದೆ ಮುಟ್ಟಿ ಹೇಳಲಾರೆ ಎಂದ. ಮಾರುವವನ ಬಾಯಿಂದ ಅಷ್ಟೊಂದು ಐಬು ಬಂದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮಾತು ಕೊಡದೆ ಎದ್ದು ಬಂದೆ.

ಮುಂದಿನ ಭಾನುವಾರ ಪ್ರೆಸ್ಸಿನ ಮುಂದಿನ ಕಟ್ಟೆಯ ಮೇಲೆ ಐಬಿನ ಸಭೆ ಕೂಡಿತು. ಹಂಗಳದಿಂದ ಅಪ್ಪನನ್ನು ಕರೆಸಿದೆ. ಬಾಮೈದನಿಗೆ ಅವತ್ತು ಡ್ಯೂಟಿ ಇರಲಿಲ್ಲ. ಹೆಂಡತಿ ಅಲಸಂದೆಕಾಯಿ ಬಿಡಿಸುತ್ತ ಹೊಸ್ತಿಲ ಮೇಲೆ ಕೂತಿದ್ದಳು. ಪಕ್ಕದ ಟೀ ಅಂಗಡಿಯ ವಯನಾಡಿನವರು ಗ್ಲಾಸು ಕೊಡಲು ಬಂದವರು ಕುತೂಹಲಕ್ಕೆ ನಿಂತರು. ನಿಂತಮೇಲೆ ನೀವೂ ಒಂದು ಆಡಲೇಬೇಕು ಎಂದ ಅಪ್ಪ.

ನಾನು ಬಿಚ್ಚುವ ಕಂಪ್ಯೂಟರನ್ನು ಎತ್ತಿನ ಹಾಗೆ ವರ್ಣಿಸಿದೆ. ಮೊದಲು ಬಾಮೈದ ಶುರು ಮಾಡಿದ. ಅವನಿಗೆ ಇದೊಂದು ಹಬ್ಬ.

"ಬಾವ, ಅದು ಒಬ್ಬ ತಾಯಿ ಮಗ ಅಲ್ಲ ಕಣ್ ಬಾವ, ಹತ್ತು ತಾಯಿ ಮಕ್ಳ ಸಂಸಾರ. ಒಂದೊಂದು ಸಾಮಾನು ಒಂದೊಂದು ಕಂಪ್ನಿದು. ಕೆಟ್ಟೋದ್ರೆ ಇವ್ನು ಅವ್ನ ಮ್ಯಾಲ ಯೋಳ್ತನ, ಅವ್ನು ಇವ್ನ ಮ್ಯಾಲ ಯೋಳ್ತನ. ನೀನು ಯಾರ ಮನೆ ಬಾಗ್ಲು ತಟ್ಟೀಯ?"

ಅದಾದ ಮೇಲೆ, ಓದಿದವರೆಲ್ಲ ಕಂಪನಿಯದ್ದೇ ತಗೋತಾರೆ, ನಮ್ಮ ಡಿಪೋದಲ್ಲೂ ಕಂಪನಿಯದ್ದೇ ಬಂದಿದೆ ಎಂದೂ ಸೇರಿಸಿದ. ಏಳನೇ ಕ್ಲಾಸಿನವನು ಬಿಚ್ಚಿ ಏನು ನೋಡುತ್ತಾನೆ ಎಂದು ಬಾಯಿಬಿಟ್ಟು ಅನ್ನಲಿಲ್ಲ, ಆದರೆ ಅದೂ ಕಟ್ಟೆಯ ಮೇಲೆ ನಮ್ಮ ಜೊತೆಯಲ್ಲೇ ಬಂದು ಕೂತಿತ್ತು. ಇರಲಿ ಎಂದು ಜಾಗ ಬಿಟ್ಟೆ. ಐಬಿನ ಸಭೆಯಲ್ಲಿ ಸಿಟ್ಟು ಮಾಡುವಂತಿಲ್ಲ.

ಟೀ ಅಂಗಡಿಯವರು ತಮ್ಮ ಮಲಯಾಳ ಬೆರೆತ ಕನ್ನಡದಲ್ಲಿ ಹೇಳಿದ್ದು ಸಣ್ಣದಾಗಿತ್ತು, ಆದರೆ ಚುಚ್ಚಿತು. ಅಣ್ಣನಿಗೆ ಬಿಚ್ಚಲು ಬರುತ್ತದೆ ಸರಿ, ಅಣ್ಣನಿಗೇ ಜ್ವರ ಬಂದು ಮಲಗಿದರೆ ಅವತ್ತು ಯಾರು ಬಿಚ್ಚುತ್ತಾರೆ ಎಂದರು.

ಅಪ್ಪ ಬೀಡಿ ಹಚ್ಚಿದ. ಅವನು ಕಂಪ್ಯೂಟರನ್ನು ಕಂಡವನೇ ಅಲ್ಲ. ಆದರೆ ಐಬು ಹುಡುಕುವುದರಲ್ಲಿ ನಮ್ಮ ತಾಲ್ಲೂಕಿನಲ್ಲೇ ಅವನನ್ನು ಮೀರಿಸುವವರಿರಲಿಲ್ಲ.

"ಮುಂದಕ್ಕ ಸೇರಿಸ್ಕೋಬೋದು, ಬೆಳಿಸ್ಕೋಬೋದು ಅಂತೀಯಲ್ಲ. ಹಂಗಂದ್ರ ಈಗ ಪೂರ್ತಿ ಇಲ್ಲ ಅಂತ ತಾನೆ? ಕರ ಹಿಡ್ಕ ಬಂದು ಎತ್ತು ಅಂತ ತೋರಿಸ್ತಿದ್ದೀಯ ಕಣ್ಲಾ ನೀನು. ಕರ ಬೆಳಿಯಗಂಟ ಮೇವು ಹಾಕೋನು ನೀನೇಯ."

ಬೆಳೆಸಬಹುದಾದ ಯಂತ್ರದ ಬಗ್ಗೆ ಆಮೇಲೆ ಎಷ್ಟೋ ಜನ ಎಷ್ಟೋ ಮಾತಾಡಿದ್ದನ್ನು ಕೇಳಿದ್ದೇನೆ. ಅದರ ಐಬನ್ನು ಇಷ್ಟು ನೇರವಾಗಿ ಯಾರೂ ಹಿಡಿದಿಲ್ಲ.

ಕೊನೆಗೆ ಉಳಿದವಳು ನನ್ನ ಹೆಂಡತಿ. ಅವಳು ಅಲಸಂದೆಕಾಯಿಯಿಂದ ಕಣ್ಣೆತ್ತದೆಯೇ ಹೇಳಿದಳು: "ಮುಚ್ಚಿರೋ ಮಿಷನ್ ಕೆಟ್ರ ಕೊಟ್ಟೋರ ಮನೆಗ ಓಯ್ತದ. ಇದು ಕೆಟ್ರೂ ಇಲ್ಲೇ, ಕೆಡ್ದಿದ್ರೂ ಇಲ್ಲೇ. ಬಿಚ್ಚಕ್ಕ ಬತ್ತದ ಅಂದ್ಮೇಲ ನೀವು ಬಿಚ್ತಾನೇ ಇರ್ತೀರಿ. ಇನ್ನು ಉಣ್ಣಕ್ಕ ಕರಿಯಕ್ಕ ನಾನು ಇಲ್ಲಿಗೇ ಬರ್ಬೇಕು."

ಬಾಮೈದ ತೊಡೆ ತಟ್ಟಿಕೊಂಡು ನಕ್ಕ. ಎಲ್ಲಕ್ಕಿಂತ ದೊಡ್ಡ ಐಬು ನಮ್ಮಕ್ಕನೇ ಹೇಳಿಬಿಟ್ಟಳು ಎಂದ.

ನಾನು ಒಂದನ್ನೂ ಅಲ್ಲಗಳೆಯಲಿಲ್ಲ. ಎಲ್ಲವೂ ನಿಜವಾದ ಐಬುಗಳೇ. ಬಿಚ್ಚುವ ಯಂತ್ರ ತಂದವನು ಬಿಚ್ಚುವ ಕೆಲಸವನ್ನೂ ಜೊತೆಗೆ ತಂದ ಹಾಗೆ. ಆದರೆ ಮುಚ್ಚಿದ ಯಂತ್ರಕ್ಕೆ ಐಬಿಲ್ಲ ಎಂದು ಆ ಸಭೆಯಲ್ಲಿ ಯಾರಾದರೂ ಹೇಳಬಲ್ಲವರಿದ್ದರೇ? ಅದರ ಐಬು ಅದರ ಹೊಟ್ಟೆಯೊಳಗೇ ಇದೆ, ಮೇಲೆ ಮೊಹರಿದೆ, ನಮಗೆ ಕಾಣುವುದಿಲ್ಲ, ಅಷ್ಟೆ. ನನ್ನ ಅಂಗಡಿಯಲ್ಲಿ, ನನ್ನ ಮೇಜಿನ ಮೇಲೆ ಕೂತು, ನನ್ನನ್ನು ಮುಟ್ಟಬೇಡ ಎಂದು ನನಗೇ ಹೇಳುವ ಒಂದು ಸಾಮಾನನ್ನು ನಾನು ಯಾಕೆ ಸಾಕಬೇಕು? ಅದನ್ನೇ ಹೇಳಿದೆ. ಅಪ್ಪ ಬೀಡಿ ನೆಲಕ್ಕೆ ಒತ್ತಿ ಆರಿಸಿ, "ಐಬಿಲ್ಲದ ಎತ್ತು ಕತೇಲಿ ಸಿಕ್ತದ. ನಿಂಗ ಹೊಲಕ್ಕ ಬೇಕೋ, ಕತೆಗ ಬೇಕೋ?" ಎಂದ. ಅಲ್ಲಿಗೆ ಸಭೆ ಮುಗಿಯಿತು.

ನಾನು ಮೈಸೂರಿಗೆ ಹೊರಟ ದಿನ ಅಪ್ಪ ಮತ್ತೆ ಬಂದು ನನ್ನ ಕೈಗೆ ಹೊಸ ಸೆಣಬಿನ ಹಗ್ಗ ಕೊಟ್ಟ. ಅಸೆಂಬಲ್ ಮಾಡುವವನು ಡಬ್ಬವನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಪ್ಲಾಸ್ಟಿಕ್ ದಾರ ಸುತ್ತಲು ಹೋದ. ಬೇಡ ಎಂದು ತಡೆದು, ಅಪ್ಪನ ಹಗ್ಗ ಬಿಗಿದೆ. ಅವನಿಗೆ ವಿಚಿತ್ರ ಎನಿಸಿರಬೇಕು, ಕೇಳಲಿಲ್ಲ. ಬಾಮೈದನ ಬಸ್ಸಿನಲ್ಲೇ ತಂದೆ. ಬಾವನಾದರೇನು ಎಂದು ಲಗೇಜಿಗೂ ಟಿಕೆಟು ಹರಿದ. ಹರಿಯುವಾಗ ಹಗ್ಗ ನೋಡಿದ. ಅವನ ತುಟಿಯವರೆಗೆ ಏನೋ ಬಂತು, ನುಂಗಿಕೊಂಡು ಮುಂದಿನ ಸೀಟಿಗೆ ಹೋದ. ಅಂಗಡಿಗೆ ಬಂದು ಪೆಟ್ಟಿಗೆ ಬಿಚ್ಚಿದ ಮೇಲೆ ಆ ಹಗ್ಗವನ್ನು ಕಂಪ್ಯೂಟರಿನ ಮೇಜಿನ ಕಾಲಿಗೆ ಕಟ್ಟಿದೆ.

ಕೆಲಸ ನಾನು ಅಂದುಕೊಂಡ ಹಾಗೇ ಸಾಗಿತು. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಫ್ಲಾಪಿಯಲ್ಲಿ ಹಾಕಿ ಮೈಸೂರಿಗೆ ಕಳಿಸಿದರೆ, ಅಲ್ಲಿ ತೆಳ್ಳನೆಯ ಟ್ರೇಸಿಂಗ್ ಕಾಗದದ ಮೇಲೆ ಪ್ರಿಂಟ್ ತೆಗೆದು ಕೊಡುತ್ತಿದ್ದರು. ಅದನ್ನು ಬಟ್ಟೆಯ ಸ್ಕ್ರೀನಿಗೆ ಇಳಿಸಿ ನಾನು ಇಲ್ಲಿ ಕಾಗದ ಹೊಡೆಯುತ್ತಿದ್ದೆ. ಫ್ಲಾಪಿ ಹೋಗುವುದು ಬರುವುದು ಬಾಮೈದನ ಚರ್ಮದ ಚೀಲದಲ್ಲಿ. ಅಕ್ಷರ ಮೊದಲ ಬಾರಿಗೆ ತಿರುಗದೆ, ನೆಟ್ಟಗೆ, ನನ್ನ ಎದುರು ನಿಂತಾಗ ಸ್ವಲ್ಪ ದಿನ ಓದಲು ತಡವರಿಸಿದೆ. ಆಮೇಲೆ ಅದೂ ಪಳಗಿತು. ಬಿಟ್ಟುಹೋದವರು ಒಬ್ಬೊಬ್ಬರಾಗಿ ಒಳಗೆ ಇಣುಕತೊಡಗಿದರು. ಅರಿಶಿನದ ಮಂಡಿಯ ಯಜಮಾನರು ಮಗಳ ಮದುವೆ ಕಾಗದ ನನಗೇ ಕೊಡುವುದಾಗಿ ಹೇಳಿಕಳಿಸಿದರು. ಅವರು ಕೊಟ್ಟರೆ ಮಂಡಿಯ ಬೀದಿಯೇ ಕೊಟ್ಟ ಹಾಗೆ. ಅವರು ತಪ್ಪಿದರೆ ಆ ಬೀದಿಯೇ ತಪ್ಪಿದ ಹಾಗೆ.

ಅಷ್ಟರಲ್ಲಿ ಆಯುಧ ಪೂಜೆ ಬಂತು.

ಟ್ರೆಡಲ್ಲಿಗೆ ಪೂಜೆ ಮಾಡುವಾಗ ನಾವು ಅದರ ಚಕ್ರಕ್ಕೆ, ಹಲ್ಲಿಗೆ, ಮಸಿ ಉಜ್ಜುವ ಉರುಳೆಗೆ, ಎಲ್ಲಕ್ಕೂ ಬೇರೆಬೇರೆ ಕುಂಕುಮ ಇಡುತ್ತಿದ್ದೆವು. ದುಡಿಯುವ ಜಾಗಕ್ಕಲ್ಲವೇ ಪೂಜೆ? ಕಂಪ್ಯೂಟರಿನ ಮುಚ್ಚಳದ ಮೇಲೆ ಕುಂಕುಮ ಇಟ್ಟರೆ ಅದು ಮುಚ್ಚಳಕ್ಕೆ ಮಾಡಿದ ಪೂಜೆ. ಬಿಚ್ಚಲು ಬರುತ್ತದಲ್ಲ, ಬಿಚ್ಚಿದೆ, ಒಳಗಿನ ಭಾಗಗಳಿಗೆಲ್ಲ ಕುಂಕುಮ ಇಟ್ಟೆ. ಅಪ್ಪ ಒಳಗೆ ಬಗ್ಗಿ ನೋಡಿ ಬಹಳ ಸಂತೋಷಪಟ್ಟ. ಎತ್ತಿನ ಕೊಂಬಿಗೆ ಕಟ್ಟುವ ಹಾಗೆ, ಕರೆಂಟು ಕೊಡುವ ಡಬ್ಬದ ಸೀಳಿನಲ್ಲಿ ಒಂದು ಹಳದಿ ಸೇವಂತಿಗೆಯನ್ನು ತೊಟ್ಟಿನ ಸಮೇತ ಸಿಕ್ಕಿಸಿದ. ಹೆಂಡತಿ ಆರತಿ ಎತ್ತಿದಳು. ನಿಂಬೆಹಣ್ಣು ಕುಯ್ದೆವು. ಮುಚ್ಚಳ ಹಾಕುವ ಮೊದಲು ಹೂ ತೆಗೆಯಲೇ ಎಂದು ನಾನು ಕೈ ಹಾಕಿದ್ದು ನಿಜ, ಅಪ್ಪ ಕೈ ಹಿಡಿದ. ಪೂಜೆಯ ಹೂವನ್ನು ನಾವು ಕೀಳುವುದಿಲ್ಲ, ಅದು ತಾನಾಗಿಯೇ ಬೀಳಬೇಕು. ಟ್ರೆಡಲ್ಲಿನ ಚಕ್ರವನ್ನು ಹಬ್ಬದ ಮಾರನೆಯ ದಿನ ಮೊದಲ ಸುತ್ತು ತಿರುಗಿಸಿದಾಗ ಹೂ ಉದುರುತ್ತದೆ, ಅದು ಒಳ್ಳೆಯ ಶಕುನ. ಇಲ್ಲೂ ಹಾಗೇ ಉದುರುತ್ತದೆ ಎಂದುಕೊಂಡು ಮುಚ್ಚಳ ಬಿಗಿದೆ.

ವಿಜಯದಶಮಿಯ ಮಾರನೆಯ ಬೆಳಿಗ್ಗೆ ಸ್ವಿಚ್ ಹಾಕಿದೆ. ಕರೆಂಟು ಕೊಡುವ ಡಬ್ಬದೊಳಗೆ ಬಿಸಿ ಆರಿಸಲು ಒಂದು ಸಣ್ಣ ಫ್ಯಾನಿದೆ. ಸೇವಂತಿಗೆಯ ತೊಟ್ಟು ಅದಕ್ಕೆ ಅಡ್ಡ ಸಿಕ್ಕಿಕೊಂಡಿತ್ತು. ಸ್ವಲ್ಪ ಹೊತ್ತು ಎಲ್ಲ ಸರಿಯಿತ್ತು, ನಾನು ಮಂಡಿಯವರ ಕಾಗದದ ಅಕ್ಷರ ಜೋಡಿಸುತ್ತಿದ್ದೆ. ಆಮೇಲೆ ಸುಟ್ಟ ಹೂವಿನ ವಾಸನೆ, ಅದರ ಹಿಂದೆಯೇ ಸುಟ್ಟ ವೈರಿನ ವಾಸನೆ. ಪರದೆ ಕಪ್ಪಾಯಿತು. ಮುಚ್ಚಳ ಬಿಚ್ಚಿದರೆ, ಇನ್ನೊಂದು ಸಣ್ಣ ಫ್ಯಾನು ತಿರುಗಿ ಕುಂಕುಮವನ್ನೆಲ್ಲ ಹಸಿರು ಹಲಗೆಗಳ ಮೇಲೆ ಎರಚಿಟ್ಟಿತ್ತು, ಹೋಳಿ ಆಡಿದ ಹಾಗೆ.

ಮುಚ್ಚಿದ ಯಂತ್ರವಾಗಿದ್ದರೆ ಹೀಗಾಗುತ್ತಿರಲಿಲ್ಲ. ಇದನ್ನು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಸಭೆಯಲ್ಲಿ ಯಾರೂ ಆಡದ ಐಬು ಇದು: ಬಿಚ್ಚಲು ಬರುವ ಯಂತ್ರದೊಳಕ್ಕೆ ಅದನ್ನು ಮೆಚ್ಚಿದವರೂ ಕೈ ಹಾಕುತ್ತಾರೆ. ಹಾಕಲಿ ಬಿಡಿ. ಪೂಜೆ ಮಾಡಿದ್ದು ತಪ್ಪು ಎಂದು ನಾನು ಅವತ್ತೂ ಒಪ್ಪಲಿಲ್ಲ, ಇವತ್ತೂ ಒಪ್ಪುವುದಿಲ್ಲ.

ಆದರೆ ಮಂಡಿಯವರು ಸೋಮವಾರ ಮೊದಲ ಕಾಗದವನ್ನು ಮನೆದೇವರ ಮುಂದಿಡಬೇಕಿತ್ತು. ದೇವರ ಮುಂದಿಡದೆ ಒಂದನ್ನೂ ಹಂಚುವ ಹಾಗಿಲ್ಲ. ಅವತ್ತು ಶುಕ್ರವಾರ. ಎಸ್‌ಟಿಡಿ ಬೂತಿನಿಂದ ಅಸೆಂಬಲ್ ಮಾಡಿದವನಿಗೆ ಫೋನು ಮಾಡಿ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಅವನು ಆ ಡಬ್ಬಕ್ಕೆ ಗ್ಯಾರಂಟಿ ಇಲ್ಲ ಎಂದು ಶುರು ಮಾಡಿದ. ಗೊತ್ತು, ನೀನೇ ಹೇಳಿದ್ದೀಯ, ಗ್ಯಾರಂಟಿ ಯಾರು ಕೇಳಿದರು, ಬೇರೆ ಡಬ್ಬ ಎತ್ತಿಡು ಎಂದೆ. ಡಬ್ಬ ಒಂದೇ ಹೋಗಿದ್ದರೆ ಸರಿ, ಅದರ ಜೊತೆ ಹಲಗೆಯೂ ಹೋಗಿದ್ದರೆ ಇಲ್ಲಿಂದ ಹೇಳಲಾರೆ ಎಂದ. ಅಂದರೆ ನಾಳೆಯವರೆಗೂ ಗೊತ್ತಾಗುವುದಿಲ್ಲ.

ಶನಿವಾರ ಬೆಳಿಗ್ಗೆ ಬಾಮೈದ ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಂದ. ಬಿಚ್ಚಿಟ್ಟ ಯಂತ್ರ, ಕೆಂಪಾದ ಹಲಗೆ, ಕಪ್ಪಾದ ಹೂವು, ಎಲ್ಲ ನೋಡಿದ. ಅವನ ಕೆನ್ನೆ ಊದಿಕೊಂಡಿತು. ಇಷ್ಟೊಂದು ಐಬು ಕಣ್ಣೆದುರಿಗಿದ್ದು, ಒಂದನ್ನೂ ಆಡುವಂತಿಲ್ಲದ ಮನುಷ್ಯನ ಸಂಕಟ ನನಗೆ ಕನಿಕರ ತರಿಸಿತು. ಕೊನೆಗೆ ಅವನು ಹೊರಗಿನ ರಸ್ತೆಯ ಕಡೆ ನೋಡುತ್ತ, ಏನೋ ನೆನಪಾದವನ ಹಾಗೆ ಹೇಳಿದ.

"ಬಾವ, ಆ ಲಾಡ್ಜಿನ ಮ್ಯಾನೇಜ್ರು ನಿನ್ನೆ ಸಿಕ್ಕಿದ್ರು. ಆ ಕೆಲ್ಸ ಇನ್ನೂ ಖಾಲಿ ಅದಂತ."

ಹೆಂಡತಿ ಒಳಗಿನಿಂದ ಬಂದಳು. ಅವಳ ಕೈಯಲ್ಲಿ, ಮೊಳೆಯ ಸಂದಿನ ಮಸಿ ತೆಗೆಯಲು ನಾನು ಇಟ್ಟುಕೊಂಡಿದ್ದ ಮೆತ್ತನೆಯ ಬ್ರಷ್ಷಿತ್ತು, ಬೆಳಗಿನಿಂದ ಕುಂಕುಮ ಗುಡಿಸುತ್ತಿದ್ದಳು. "ಹೊಸ ಹಗ್ಗ ಬಿದ್ದಾಗದ ಕಣ್ಲಾ. ಮುಂದ್ಲ ಬಾಗ್ಲಲ್ಲಿ ಬುಡಲ್ಲ ಅಂತ ಹಿಂದ್ಲ ಬಾಗ್ಲಿಂದ ಐಬ ತರ್ಬ್ಯಾಡ" ಎಂದಳು. ಎಲ್ಲರಿಗಿಂತ ದೊಡ್ಡ ಐಬು ಆಡಿದವಳು ಅವಳೇ. ಅದಕ್ಕೇ ಕಾನೂನು ಅವಳ ಬಾಯಲ್ಲಿ ಅಷ್ಟು ಗಟ್ಟಿಯಾಗಿತ್ತು.

ನಾನು ನಾಲ್ಕು ಸ್ಕ್ರೂ ಬಿಚ್ಚಿ, ಸುಟ್ಟ ಡಬ್ಬವನ್ನು ಹೊರಗೆ ತೆಗೆದು, ಪೇಪರಿನಲ್ಲಿ ಸುತ್ತಿ ಬಾಮೈದನ ಕೈಗೆ ಕೊಟ್ಟೆ. ಇಡೀ ಯಂತ್ರ ಬೆಂಗಳೂರಿಗೆ ಹೋಗಬೇಕಾಗಿರಲಿಲ್ಲ, ಕೆಟ್ಟದ್ದಷ್ಟೇ ಮೈಸೂರಿಗೆ ಹೋದರೆ ಸಾಕಿತ್ತು. ಅವನು ಅದನ್ನು ಹಿಡಿದು ತೂಕ ನೋಡಿದ. ಇದಕ್ಕೂ ಲಗೇಜ್ ಟಿಕೆಟ್ ತಗೋಬೇಕಾ ಎಂದು ಕೇಳಿದೆ. ಚೀಲದೊಳಕ್ಕೆ ಹಾಕಿಕೊಂಡ.

ಮಧ್ಯಾಹ್ನ ಮಂಡಿಯ ಯಜಮಾನರು ಬಂದರು. ಕಾಗದ ನೋಡಲು ಬಂದವರಿಗೆ ಬಾಯಿ ತೆರೆದ ಯಂತ್ರ ತೋರಿಸಬೇಕಾಯಿತು. ಸಬೂಬು ಹೇಳಲು ನನಗೆ ಬರುವುದಿಲ್ಲ. ಕೆಟ್ಟಿದೆ, ಸಾಮಾನು ಸಂಜೆಯ ಬಸ್ಸಿಗೆ ಬರುತ್ತದೆ, ಬಂದರೆ ನಿಮ್ಮ ಕಾಗದ ಸೋಮವಾರ ದೇವರ ಮುಂದಿರುತ್ತದೆ, ಬಂದೂ ಸರಿಹೋಗದಿದ್ದರೆ ನಾನೇ ನಾಳೆ ಬೆಳಿಗ್ಗೆ ನಿಮ್ಮ ಮನೆಗೆ ಬಂದು ಹೇಳುತ್ತೇನೆ, ನೀವು ಮೈಸೂರಿಗೆ ಹೋಗಿ ಎಂದೆ. ಅವರು ಒಳಗೆ ಬಗ್ಗಿ ಖಾಲಿ ಜಾಗವನ್ನೂ, ಮೂಲೆಯಲ್ಲಿ ಉಳಿದಿದ್ದ ಕುಂಕುಮವನ್ನೂ ನೋಡಿದರು. ನಮ್ಮ ಮಂಡಿಯ ತಕ್ಕಡಿಗೂ ಹೂ ಸಿಕ್ಕಿಸಿ ಈ ಸಲ ತೂಕ ತಪ್ಪಿತು ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಎದ್ದುಹೋದರು. ಹೂಂ ಅಂದರೋ ಉಹೂಂ ಅಂದರೋ ನನಗೆ ಗೊತ್ತಾಗಲಿಲ್ಲ.

ಸಂಜೆ ಬೆಳಕಿರುವಾಗಲೇ ಬಸ್ಸು ಬಂತು. ಡ್ಯೂಟಿ ಮುಗಿಸಿದ ಬಾಮೈದ ಡಬ್ಬ ಕೊಟ್ಟು ಹೋಗಿಬಿಡಬಹುದಿತ್ತು, ಹೋಗಲಿಲ್ಲ. ಟೋಪಿ ತೆಗೆದು ಮೊಳೆಯ ಪೆಟ್ಟಿಗೆಯ ಮೇಲೆ ಕೂತ. ಅಸೆಂಬಲ್ ಮಾಡುವವನು ಹಳೆಯ ಯಾವುದೋ ಯಂತ್ರದಿಂದ ಬಿಚ್ಚಿದ ಡಬ್ಬ ಕಳಿಸಿದ್ದ. ನಾನು ಕೂರಿಸಿ, ಸ್ಕ್ರೂ ಬಿಗಿದು, ವೈರು ಸಿಕ್ಕಿಸಿ, ಮುಚ್ಚಳ ಹಾಕದೆಯೇ ಸ್ವಿಚ್ ಒತ್ತಿದೆ. ಫ್ಯಾನು ರಾಗಿ ಮಿಷನ್ನಿನ ಹಾಗೆ ಸದ್ದು ಮಾಡಿತು. ಪರದೆ ಕಪ್ಪಗೇ ಇತ್ತು. ಹೆಂಡತಿ ಬ್ರಷ್ಷು ಹಿಡಿದುಕೊಂಡೇ ನಿಂತಿದ್ದಳು. ಹಲಗೆಯೂ ಹೋಗಿದ್ದರೆ ಎಂದು ನಾನು ಯೋಚಿಸುವಷ್ಟರಲ್ಲಿ ಒಂದು ಸಣ್ಣ ಬೀಪ್ ಬಂತು. ಬಿಳಿ ಅಕ್ಷರಗಳು ಒಂದರ ಕೆಳಗೊಂದು ಓಡತೊಡಗಿದವು.

ಬಾಮೈದ ಎದ್ದು ಟೋಪಿ ಹಾಕಿಕೊಂಡ.

"ಮ್ಯಾನೇಜ್ರಿಗೆ ಏನ್ ಯೋಳ್ಲಿ ಬಾವ?"

"ನಂಗ ನನ್ ಕೆಲ್ಸ ಅದ ಅಂತ ಯೋಳ್ಬುಡು."

ಮಂಡಿಯವರ ಫ್ಲಾಪಿ ಭಾನುವಾರದ ಮೊದಲ ಬಸ್ಸಿಗೆ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಟ್ರೇಸಿಂಗ್ ಕಾಗದ ಕೈಗೆ ಬಂತು. ಸೋಮವಾರ ಬೆಳಿಗ್ಗೆ ಕಾಗದದ ಕಟ್ಟನ್ನು ನಾನೇ ಅವರ ಮನೆಗೆ ಒಯ್ದೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಅವರು ದೇವರ ಗೂಡಿನ ಕಡೆ ಹೋದರು. ಆ ಕಾರ್ತಿಕದಲ್ಲಿ ಆ ಬೀದಿಯ ಮದುವೆಗಳೆಲ್ಲ ನನ್ನ ಅಂಗಡಿಯಿಂದಲೇ ಹೊರಟವು.

ಕಟ್ಟೆಯ ಮೇಲೆ ಆಡಿದ ಐಬುಗಳು ಮುಂದೆ ಒಂದೊಂದಾಗಿ ನಿಜವಾದವು. ಹೊಸದಾಗಿ ತಂದ ಭಾಗ ಹಳೆಯದರ ಜೊತೆ ಮುನಿಸಿಕೊಂಡಿತು. ಅದನ್ನು ಮಾರಿದವನು ಇದನ್ನು ಮಾರಿದವನ ಮೇಲೆ ಹೇಳಿದ. ಕರುವಿಗೆ ನಾನು ಮೇವು ಹಾಕುತ್ತಲೇ ಹೋದೆ. ಟೀ ಅಂಗಡಿಯವರು ಹೇಳಿದ ಜ್ವರವೂ ಬಂತು, ಮೈ ಸುಡುವಂಥದ್ದು. ನಾನು ಮಲಗಿದ್ದಾಗ ಯಂತ್ರ ಹಟ ಹಿಡಿಯಿತು. ಏಳಲು ಹೋದವನನ್ನು ಹೆಂಡತಿ ಒತ್ತಿ ಮಲಗಿಸಿ, ತಾನೇ ಅಂಗಡಿಗೆ ಹೋಗಿ ಮುಚ್ಚಳ ಬಿಚ್ಚಿ, ನಾನು ಮಾಡುವುದನ್ನು ನೋಡಿದ್ದ ಹಾಗೆ ಸಣ್ಣ ಹಲಗೆಯನ್ನು ಹೊರಗೆಳೆದು, ಅದರ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದಳು. ಓಡಿತು. ಆಮೇಲೆ ಅವಳಿಗೂ ಹುಚ್ಚು ಹಿಡಿಯಿತು. ಉಣ್ಣಲು ಕರೆಯಲು ಅವಳು ಅಂಗಡಿಗೆ ಬರಬೇಕಾಗುತ್ತದೆ ಅಂದಿದ್ದಳಲ್ಲ, ಎಷ್ಟೋ ದಿನ ಹಸಿದು ಅವಳನ್ನು ಕರೆಯಲು ನಾನು ಹೋಗುವಂತಾಯಿತು. ಇಷ್ಟೆಲ್ಲ ಆದರೂ, ಇವೆಲ್ಲ ನನಗೆ ಮೊದಲೇ ಗೊತ್ತಿದ್ದ ಐಬುಗಳು. ಗೊತ್ತಿದ್ದೇ ಕೊಂಡವನು ನಾನು. ಯಾರೋ ಮೋಸ ಮಾಡಿದರೆಂದು ನಾನು ಒಂದು ದಿನವೂ ಯಾರ ಮುಂದೆಯೂ ಅತ್ತಿಲ್ಲ.

ಮರುವರ್ಷದ ಆಯುಧ ಪೂಜೆಗೆ ಅಪ್ಪ ಹಂಗಳದಿಂದ ಸೇವಂತಿಗೆ ತಂದ. ಬಾಮೈದ ಬಾಗಿಲಲ್ಲಿ ನಿಂತು, ಈ ಸಲ ಏನು ಮಾಡುತ್ತೇವೆಂದು ನೋಡುತ್ತಿದ್ದ. ಹೆಂಡತಿ ತಟ್ಟೆ ಹಿಡಿದು ನನ್ನ ಮುಖ ನೋಡಿದಳು.

ನಾನು ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಳ ಬಿಚ್ಚಿದೆ. ಕುಂಕುಮದ ಬದಲು ಗಂಧ ತೇಯ್ದು, ಒಳಗಿನ ಕಬ್ಬಿಣದ ಚೌಕಟ್ಟಿಗೆ ಮಾತ್ರ ಬೊಟ್ಟಿಟ್ಟು, ಒಣಗುವವರೆಗೆ ಕಾದೆ. ಅಪ್ಪ ಹೂವನ್ನು ಡಬ್ಬದ ಕಡೆ ಒಯ್ದವನು, ಒಂದು ಗಳಿಗೆ ನಿಂತು, ಮೇಜಿನ ಕಾಲಿಗೆ ಕಟ್ಟಿದ್ದ ಸೆಣಬಿನ ಹಗ್ಗಕ್ಕೆ ಸಿಕ್ಕಿಸಿದ.